ವ್ಯಾಂಕೂವರ್ ವಿಮಾನ ನಿಲ್ದಾಣದ ರೈಲು, ವಿದ್ಯಾರ್ಥಿ ಪಾಸ್ ಮತ್ತು 5 ಡಾಲರ್ ಹೆಚ್ಚುವರಿ ದರ

ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣದಿಂದ ನಗರದ ಕಡೆಗೆ ಹೊರಡುವ ಕೆನಡಾ ಲೈನ್ ರೈಲಿನಲ್ಲಿ ಮಾಮೂಲಿ ಟಿಕೆಟ್ ದರದ ಮೇಲೆ 5 ಡಾಲರ್ ಹೆಚ್ಚುವರಿ ದರವಿದೆ. ಅಲ್ಲಿಯವರು ಅದನ್ನು ಆಡ್‌ಫೇರ್ ಎನ್ನುತ್ತಾರೆ. ಈ ರೈಲು ಮಾರ್ಗ 2009ರ ಆಗಸ್ಟ್‌ನಲ್ಲಿ ಆರಂಭವಾಯಿತು, ಆಡ್‌ಫೇರ್ 2010ರ ಜನವರಿಯಲ್ಲಿ ಜಾರಿಗೆ ಬಂತು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ, ಯು-ಪಾಸ್ ಬಿಸಿ ಎಂಬ ವಿದ್ಯಾರ್ಥಿ ಪಾಸ್ ಇರುವವರು ಈ ಹೆಚ್ಚುವರಿ ದರವನ್ನು ಕೊಡಬೇಕಾಗಿಲ್ಲ. ಹಾಗಿದ್ದೂ ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಅನೇಕ ವಿದ್ಯಾರ್ಥಿಗಳಿಂದ ಅದು ವಸೂಲಾಗುವ ಸಾಧ್ಯತೆ ಇದ್ದೇ ಇದೆ. ಏಕೆಂದರೆ ವಿನಾಯಿತಿ ಇರುವುದು ವಿದ್ಯಾರ್ಥಿಗಲ್ಲ, ಆ ದಿನ ಗೇಟಿಗೆ ತೋರಿಸಿದ ಕಾರ್ಡಿನೊಳಗೆ ಜಾರಿಯಲ್ಲಿರುವ ಪಾಸಿಗೆ.

ಮೊದಲಿಗೆ ಈ ದರ ಎಲ್ಲಿ ಅನ್ವಯಿಸುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ವಿಮಾನ ನಿಲ್ದಾಣವಿರುವ ಸೀ ಐಲೆಂಡ್ ದ್ವೀಪದಲ್ಲಿ ವೈವಿಆರ್–ಏರ್‌ಪೋರ್ಟ್, ಸೀ ಐಲೆಂಡ್ ಸೆಂಟರ್ ಮತ್ತು ಟೆಂಪಲ್ಟನ್ ಎಂಬ ಮೂರು ಸ್ಟೇಷನ್‌ಗಳಿವೆ. ಈ ಮೂರರ ನಡುವೆ ಮಾತ್ರ ಓಡಾಡುವವರಿಗೆ ಪ್ರಯಾಣ ಉಚಿತ. ಇವುಗಳಲ್ಲಿ ಯಾವುದಾದರೊಂದರಲ್ಲಿ ಹತ್ತಿ ಬ್ರಿಡ್ಜ್‌ಪೋರ್ಟ್ ಸ್ಟೇಷನ್ ಅಥವಾ ಅದರಾಚೆಗೆ ಹೋಗುವವರಿಗೆ ಆಡ್‌ಫೇರ್ ಬೀಳುತ್ತದೆ. ನಗರದಿಂದ ವಿಮಾನ ನಿಲ್ದಾಣದ ಕಡೆಗೆ ಹೋಗುವಾಗ ಅದು ಇಲ್ಲ. ಮಾಮೂಲಿ ವಲಯದ ದರವಷ್ಟೇ. ಊರಿಗೆ ಹೊರಟಾಗ ಏನೂ ಹೆಚ್ಚು ಹೋಗಲಿಲ್ಲವೆಂದು ವಾಪಸು ಬರುವಾಗಲೂ ಹಾಗೆಯೇ ಇರುತ್ತದೆ ಎಂದುಕೊಳ್ಳುವಂತಿಲ್ಲ.

ಯು-ಪಾಸ್ ಎನ್ನುವುದು ಕೌಂಟರಿನಲ್ಲಿ ಕೊಳ್ಳುವ ವಸ್ತುವಲ್ಲ. ಯುಬಿಸಿ (ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ) ಮತ್ತು ಸೈಮನ್ ಫ್ರೇಸರ್ ವಿಶ್ವವಿದ್ಯಾಲಯಗಳಲ್ಲಿ 2003ರಲ್ಲಿ ಶುರುವಾದ ಈ ವ್ಯವಸ್ಥೆ ಈಗ ಲಂಗಾರಾ, ಡಗ್ಲಸ್, ಬಿಸಿಐಟಿ, ಕ್ವಾಂಟ್ಲೆನ್ ಮೊದಲಾದ ಸಂಸ್ಥೆಗಳಲ್ಲೂ ಇದೆ. ತಿಂಗಳಿಗೆ ಸುಮಾರು 45 ಡಾಲರ್‌ನಷ್ಟು ಮೊತ್ತ ಕಾಲೇಜು ಶುಲ್ಕದ ಜೊತೆಗೇ ಸೇರಿ ಬರುತ್ತದೆ, ಮತ್ತು ಆ ಪಾಸಿನಲ್ಲಿ ಬಸ್ಸು, ಸ್ಕೈಟ್ರೇನ್ ಎಂಬ ನಗರ ರೈಲು (ಕೆನಡಾ ಲೈನ್ ಅದರದೇ ಒಂದು ಮಾರ್ಗ), ಸೀಬಸ್ ದೋಣಿ ಎಲ್ಲವನ್ನೂ ಎಲ್ಲ ವಲಯಗಳಲ್ಲೂ ಬಳಸಬಹುದು. ನಿಮ್ಮ ಕಾಲೇಜು ಈ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಪ್ರವೇಶ ಪಡೆಯುವಾಗಲೇ ನೋಡಿಕೊಳ್ಳಿ. ಪಟ್ಟಿಯಲ್ಲಿಲ್ಲದ ಕಾಲೇಜಿನ ಗುರುತಿನ ಚೀಟಿಯನ್ನು ತೋರಿಸಿದರೆ ಯಾವ ರಿಯಾಯಿತಿಯೂ ಸಿಗುವುದಿಲ್ಲ. ಅಲ್ಲಿ ರಿಯಾಯಿತಿ ದರವಿರುವುದು 13ರಿಂದ 18 ವರ್ಷದವರಿಗೆ ಮತ್ತು 65 ದಾಟಿದವರಿಗೆ. ಐಡಿ ಕಾರ್ಡ್ ಇದ್ದರೆ ಸಾಕೆಂಬ ನಮ್ಮೂರಿನ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಹಾಗೆ ನೋಡಿದರೆ ಬೆಂಗಳೂರಿನಲ್ಲೂ ಬಿಎಂಟಿಸಿಯ ಸಾಮಾನ್ಯ ವಿದ್ಯಾರ್ಥಿ ಪಾಸ್ ವಿಮಾನ ನಿಲ್ದಾಣದ ವಾಯುವಜ್ರ ಬಸ್ಸಿಗೆ ನಡೆಯುವುದಿಲ್ಲ. ಆ ಲೆಕ್ಕದಲ್ಲಿ ವ್ಯಾಂಕೂವರ್ ಉದಾರವಾಗಿಯೇ ಇದೆ.

ಪಾಸನ್ನು ಪಡೆಯಲು ಮೊದಲು ನೀಲಿ ಬಣ್ಣದ ವಯಸ್ಕರ ಕಾಂಪಸ್ ಕಾರ್ಡ್ ಬೇಕು, ಅಂದರೆ ಗೇಟಿಗೆ ಮುಟ್ಟಿಸುವ, ಹಣವನ್ನೂ ತುಂಬಿಸಿಡಬಹುದಾದ ಪ್ರಯಾಣ ಕಾರ್ಡ್. ಸ್ಕೈಟ್ರೇನ್ ಸ್ಟೇಷನ್ನಿನ ಯಂತ್ರಗಳಲ್ಲಿ 6 ಡಾಲರ್ ಠೇವಣಿ ಕೊಟ್ಟು ಅದನ್ನು ಕೊಳ್ಳಬಹುದು. ಕಾರ್ಡ್ ಹಿಂದಿರುಗಿಸಿದಾಗ ಠೇವಣಿ ವಾಪಸು ಬರುತ್ತದೆ. ಕಿತ್ತಳೆ ಬಣ್ಣದ ರಿಯಾಯಿತಿ ಕಾರ್ಡಿಗೆ ಯು-ಪಾಸ್ ಹತ್ತುವುದಿಲ್ಲ. ಕಾರ್ಡ್ ಕೈಗೆ ಬಂದ ಮೇಲೆ ಅಲ್ಲಿನ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಲಿಂಕ್‌ನ ಯು-ಪಾಸ್ ಜಾಲತಾಣಕ್ಕೆ ಹೋಗಿ, ನಿಮ್ಮ ಕಾಲೇಜನ್ನು ಆಯ್ದು, ಕಾಲೇಜಿನ ಲಾಗಿನ್‌ನಿಂದ ಪ್ರವೇಶಿಸಿ, ಕಾರ್ಡಿನ ಹಿಂಬದಿಯಲ್ಲಿರುವ ಕ್ರಮಸಂಖ್ಯೆಯನ್ನೂ ಅದರ ಪಕ್ಕದ ಚಿಕ್ಕ ಭದ್ರತಾ ಸಂಖ್ಯೆಯನ್ನೂ ನಮೂದಿಸಿ ಜೋಡಿಸಬೇಕು. ಇದು ಒಮ್ಮೆ ಮಾಡಿದರೆ ಸಾಕು. ಆದರೆ ಪಾಸಿಗಾಗಿ ಕೋರಿಕೆಯನ್ನು ಪ್ರತಿ ತಿಂಗಳೂ ಹೊಸದಾಗಿ ಸಲ್ಲಿಸಬೇಕಾಗುತ್ತದೆ. ಮುಂದಿನ ತಿಂಗಳ ಪಾಸಿಗೆ ಈ ತಿಂಗಳ 16ನೇ ತಾರೀಖಿನಿಂದ ಅವಕಾಶವಿರುತ್ತದೆ. ಶುಲ್ಕ ಕಟ್ಟಿಯಾಗಿದೆ ಎಂದ ಮಾತ್ರಕ್ಕೆ ಪಾಸ್ ತಾನಾಗಿ ಕಾರ್ಡಿಗೆ ಬಂದು ಕೂರುವುದಿಲ್ಲ ಎಂಬುದೇ ಈ ವ್ಯವಸ್ಥೆಯ ಅತಿ ದೊಡ್ಡ ಕಿರಿಕಿರಿ ಎಂದು ನನ್ನ ಅಭಿಪ್ರಾಯ.

ಕಿರಿಕಿರಿ ದುಬಾರಿಯಾಗುವುದು ರಜೆ ಮುಗಿಸಿ ಬರುವಾಗ. ಡಿಸೆಂಬರ್ ಪಾಸಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿ ಊರಿಗೆ ಬಂದ ವಿದ್ಯಾರ್ಥಿ ಜನವರಿ ಮೊದಲ ವಾರದಲ್ಲಿ ಮರಳಿ ಇಳಿಯುವ ಹೊತ್ತಿಗೆ ಹಳೆಯ ಪಾಸಿನ ಅವಧಿ ಮುಗಿದಿರುತ್ತದೆ. ಕಾರ್ಡಿನಲ್ಲಿ ಹಣ ಉಳಿದಿಲ್ಲದಿದ್ದರೆ ಗೇಟು ತೆರೆಯುವುದಿಲ್ಲ, ಆಗ ವಿಷಯ ತಿಳಿಯುತ್ತದೆ. ಹಣ ಉಳಿದಿದ್ದರೆ ಗೇಟು ಏನೂ ಹೇಳದೆ ತೆರೆದುಕೊಂಡು, ಟಿಕೆಟ್ ದರದ ಜೊತೆಗೆ 5 ಡಾಲರ್ ಆಡ್‌ಫೇರನ್ನೂ ಆ ಹಣದಿಂದ ಕಳೆದುಕೊಳ್ಳುತ್ತದೆ. ಆದ್ದರಿಂದ ಊರಿನಲ್ಲಿರುವಾಗಲೇ, ಡಿಸೆಂಬರ್ 16ರ ನಂತರ ಯಾವುದಾದರೊಂದು ದಿನ, ಜನವರಿಯ ಪಾಸಿಗೆ ಕೋರಿಕೆ ಸಲ್ಲಿಸಿಬಿಡಿ. ಇದಕ್ಕೆ ಕೆನಡಾದಲ್ಲೇ ಇರಬೇಕೆಂದಿಲ್ಲ, ಇಂಟರ್ನೆಟ್ ಇದ್ದರೆ ಸಾಕು. ವಿಮಾನ ಇಳಿದು ಬ್ಯಾಗಿಗಾಗಿ ಕಾಯುತ್ತಾ ಫೋನಿನಲ್ಲಿ ಕೋರಿಕೆ ಸಲ್ಲಿಸುವುದನ್ನು ನೆಚ್ಚಿಕೊಳ್ಳಬೇಡಿ, ಏಕೆಂದರೆ ಅದು ಗೇಟುಗಳಿಗೆ ತಲುಪಲು ಸಮಯ ಹಿಡಿಯುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಯಾವ ವಿಷಯಕ್ಕೂ ನೋಂದಾಯಿಸದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಪಾಸ್ ಇರುವುದಿಲ್ಲವೆಂಬುದನ್ನೂ, ಅರ್ಜಿ ಹಾಕಿ ಯು-ಪಾಸ್ ಶುಲ್ಕದಿಂದ ವಿನಾಯಿತಿ ಪಡೆದವರಿಗೆ ಪಾಸಿನ ಸೌಲಭ್ಯವೂ ಹೋಗುತ್ತದೆಂಬುದನ್ನೂ ನೆನಪಿಡಬೇಕು.

ಮೊದಲ ಬಾರಿಗೆ ಬರುವವರ ಸ್ಥಿತಿ ಬೇರೆ. ಸೆಪ್ಟೆಂಬರಿನಲ್ಲಿ ತರಗತಿಗಳು ಶುರುವಾಗುವ ವಿದ್ಯಾರ್ಥಿ ಆಗಸ್ಟ್ ಕೊನೆಯಲ್ಲಿ ಇಳಿದರೆ ಆ ದಿನಕ್ಕೆ ಪಾಸ್ ಇರಲು ಸಾಧ್ಯವೇ ಇಲ್ಲ. 5 ಡಾಲರ್ ಕೊಟ್ಟು ಹೋಗುವುದೇ ಸರಿ, ಟ್ಯಾಕ್ಸಿಗೆ ಹೋಲಿಸಿದರೆ ಆಗಲೂ ರೈಲು ಬಹಳ ಅಗ್ಗ. ಸೆಪ್ಟೆಂಬರ್ 1 ಅಥವಾ ಅದರ ನಂತರ ಇಳಿಯುವವರಿಗೆ ಮಾತ್ರ ಒಂದು ದಾರಿಯಿದೆ. ಅಲ್ಲಿರುವ ಪರಿಚಿತರೊಬ್ಬರು ಹೊಸ ಕಾಂಪಸ್ ಕಾರ್ಡ್ ಕೊಂಡು ಅದರ ಸಂಖ್ಯೆಗಳನ್ನು ಕಳುಹಿಸಿದರೆ, ಕಾಲೇಜಿನ ಲಾಗಿನ್ ಆಗಲೇ ಸಿಕ್ಕಿ ದಾಖಲಾತಿಯೂ ಮುಗಿದಿರುವ ವಿದ್ಯಾರ್ಥಿ ಇಲ್ಲಿಂದಲೇ ಅದನ್ನು ತನ್ನ ಹೆಸರಿಗೆ ಜೋಡಿಸಿ ಪಾಸಿಗೆ ಕೋರಬಹುದು. ಪರಿಚಿತರು ಕಾರ್ಡನ್ನು ವಿಮಾನ ನಿಲ್ದಾಣಕ್ಕೆ ತಂದುಕೊಟ್ಟರಾಯಿತು. ಇದರಲ್ಲಿ ಉಳಿಯುವುದು ಕೆಲವೇ ಡಾಲರ್, ಹಾಗಾಗಿ ಹೇಗೂ ಎದುರುಗೊಳ್ಳಲು ಬರುವವರಿದ್ದರೆ ಮಾತ್ರ ಈ ತೊಂದರೆ ತೆಗೆದುಕೊಳ್ಳುವುದು ಲೇಸು.

ಗೇಟಿನ ಬಳಿ ಇನ್ನೊಂದು ಎಚ್ಚರ ಬೇಕು. ಅಲ್ಲಿನ ಗೇಟುಗಳು 2018ರಿಂದ ಕ್ರೆಡಿಟ್ ಕಾರ್ಡನ್ನೂ ಫೋನಿನ ವಾಲೆಟ್ಟನ್ನೂ ನೇರವಾಗಿ ಸ್ವೀಕರಿಸುತ್ತವೆ. ಪರ್ಸಿನಲ್ಲಿ ಕಾಂಪಸ್ ಕಾರ್ಡ್ ಮತ್ತು ಬ್ಯಾಂಕ್ ಕಾರ್ಡ್ ಒಟ್ಟಿಗಿದ್ದು ಪರ್ಸನ್ನೇ ಒತ್ತಿದರೆ ಗೇಟು ಬ್ಯಾಂಕ್ ಕಾರ್ಡನ್ನು ಓದಬಹುದು, ಆಗ ಪಾಸ್ ಇದ್ದೂ ಪೂರ್ತಿ ದರ ಮತ್ತು ಆಡ್‌ಫೇರ್ ಎರಡೂ ಹೋಗುತ್ತವೆ. ಕಾಂಪಸ್ ಕಾರ್ಡನ್ನು ಹೊರಗೆ ತೆಗೆದು ಅದನ್ನಷ್ಟೇ ಮುಟ್ಟಿಸಿ, ಇಳಿಯುವ ಸ್ಟೇಷನ್ನಿನಲ್ಲೂ ಅದನ್ನೇ ಮುಟ್ಟಿಸಿ. ಕಾಲೇಜಿನ ಗುರುತಿನ ಚೀಟಿಯನ್ನೂ ಕೈಗೆಟಕುವಂತೆ ಇಟ್ಟುಕೊಳ್ಳಿ. ಯು-ಪಾಸನ್ನು ಬೇರೆಯವರಿಗೆ ಕೊಡುವಂತಿಲ್ಲ, ಜೊತೆಯಲ್ಲಿರುವ ಗೆಳೆಯನಿಗಾಗಿ ಎರಡನೆಯ ಸಲ ಬಳಸುವಂತೆಯೂ ಇಲ್ಲ. ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರಿಗೆ 173 ಡಾಲರ್ ದಂಡವಿದೆ.

ಪಾಸ್ ಇಲ್ಲದ ಗೆಳೆಯರೋ ಬಂಧುಗಳೋ ನಿಮ್ಮ ಜೊತೆಗೆ ಯಾರನ್ನಾದರೂ ಕರೆತರಲು ವಿಮಾನ ನಿಲ್ದಾಣಕ್ಕೆ ಹೊರಟರೆ, ಹೊರಡುವ ಸ್ಟೇಷನ್ನಿನಲ್ಲೇ ಅವರಿಗೆ ಡೇಪಾಸ್, ಅಂದರೆ ಇಡೀ ದಿನಕ್ಕೆ ನಡೆಯುವ ಟಿಕೆಟ್ ಕೊಡಿಸಿ. ಸೀ ಐಲೆಂಡಿನ ಹೊರಗೆ ಕೊಂಡ ಡೇಪಾಸಿಗೆ ವಾಪಸು ಬರುವಾಗ ಆಡ್‌ಫೇರ್ ಇಲ್ಲ. ಅದೇ ಡೇಪಾಸನ್ನು ದ್ವೀಪದ ಮೂರು ಸ್ಟೇಷನ್‌ಗಳ ಯಂತ್ರಗಳಲ್ಲಿ ಕೊಂಡರೆ ಆ 5 ಡಾಲರ್ ಸೇರಿಯೇ ಬರುತ್ತದೆ. ಇದೇ ಮಾತು ಟೆಂಪಲ್ಟನ್ ಸ್ಟೇಷನ್ ಪಕ್ಕದ ಔಟ್‌ಲೆಟ್ ಮಾಲಿಗೆ ಬಟ್ಟೆ ಕೊಳ್ಳಲು ಹೋಗುವವರಿಗೂ ಸಲ್ಲುತ್ತದೆ. ವಿಮಾನದ ಸಹವಾಸವೇ ಇಲ್ಲದವರು ಅಲ್ಲಿಂದ ಮರಳುವಾಗಲೂ ಆಡ್‌ಫೇರ್ ತೆರುತ್ತಾರೆ, ಯು-ಪಾಸ್ ಇರುವವರು ತೆರುವುದಿಲ್ಲ.

ಹೊಸಬರಿಗೆ ಮುಂದಿನ ದಾರಿಯನ್ನೂ ಹೇಳಿಬಿಡುತ್ತೇನೆ. ಯುಬಿಸಿಗೆ ಹೋಗುವವರು ಲಂಗಾರಾ–49ನೇ ಅವೆನ್ಯೂ ಸ್ಟೇಷನ್ನಿನಲ್ಲಿ ಇಳಿದು 49ನೇ ಸಂಖ್ಯೆಯ ಬಸ್ಸನ್ನಾಗಲಿ, ಬ್ರಾಡ್‌ವೇ–ಸಿಟಿ ಹಾಲ್‌ನಲ್ಲಿ ಇಳಿದು 99 ಬಿ-ಲೈನ್ ಬಸ್ಸನ್ನಾಗಲಿ ಹಿಡಿಯಬಹುದು. ಸೈಮನ್ ಫ್ರೇಸರ್‌ನ ಬರ್ನಬಿ ಕ್ಯಾಂಪಸ್ಸಿಗೆ ಹೋಗುವವರು ಕೊನೆಯ ಸ್ಟೇಷನ್ ವಾಟರ್‌ಫ್ರಂಟ್‌ವರೆಗೆ ಹೋಗಿ, ಎಕ್ಸ್‌ಪೋ ಲೈನಿನಲ್ಲಿ ಪ್ರೊಡಕ್ಷನ್ ವೇ ತಲುಪಿ, ಅಲ್ಲಿಂದ 145ನೇ ಸಂಖ್ಯೆಯ ಬಸ್ಸಿನಲ್ಲಿ ಬೆಟ್ಟ ಹತ್ತಬೇಕು. ರಿಚ್‌ಮಂಡ್‌ನಲ್ಲಿರುವ ಕ್ವಾಂಟ್ಲೆನ್ ಕ್ಯಾಂಪಸ್ಸಿಗಾದರೆ ಬ್ರಿಡ್ಜ್‌ಪೋರ್ಟ್‌ನಲ್ಲಿ ಇಳಿದು ರಿಚ್‌ಮಂಡ್–ಬ್ರಿಗ್‌ಹೌಸ್ ಕಡೆಗೆ ಹೋಗುವ ರೈಲಿಗೆ ಬದಲಾಯಿಸಿ ಲ್ಯಾನ್ಸ್‌ಡೌನ್‌ನಲ್ಲಿ ಇಳಿಯಿರಿ. ಪಾಸ್ ಇಲ್ಲದೆ ಟಿಕೆಟ್ ಕೊಂಡು ಬಂದವರು ಕೂಡ 90 ನಿಮಿಷದೊಳಗೆ ಬಸ್ಸು ಹತ್ತಿದರೆ ಬಸ್ಸಿಗೆಂದು ಮತ್ತೆ ಹಣ ಕೊಡಬೇಕಾಗಿಲ್ಲ.