ಸೈಡ್ ಮಿರರ್ ಗಾಜು: ಮೀಟುವ ಮುಂಚೆ ಬಿಸಿ ಮಾಡಿ

ಕಾರಿನ ಸೈಡ್ ಮಿರರ್ ಗಾಜು ಒಡೆದರೆ ಇಡೀ ಮಿರರ್ ಬದಲಿಸಬೇಕಿಲ್ಲ. ಹೆಚ್ಚಿನ ಕಾರುಗಳಿಗೆ ಗಾಜು ಮಾತ್ರ ಬೇರೆಯಾಗಿ ಸಿಗುತ್ತದೆ. ಅರ್ಧ ಗಂಟೆಯ ಕೆಲಸ ಅಷ್ಟೇ. ಆದರೂ ಇದನ್ನು ಮಾಡಲು ಹೋಗಿ ಒಳಗೆ ಗಾಜು ತಿರುಗಿಸುವ ಮೋಟಾರನ್ನೇ ಮುರಿದುಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. ಹೆಚ್ಚಿನವರು ಮಾಡುವ ತಪ್ಪು ಒಂದೇ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ, ಒಂದೇ ಏಟಿಗೆ ಮೀಟುತ್ತಾರೆ.

ಮೊದಲು ಸರಿಯಾದ ಗಾಜು ತನ್ನಿ. ಮಾಡೆಲ್, ವರ್ಷ, ಎಡವೋ ಬಲವೋ, ಗಾಜಿನ ಮಂಜು ಆರಿಸುವ ಹೀಟರ್ ಇದೆಯೋ ಎಲ್ಲ ನೋಡಿ. ಹಳೇ ಗಾಜು ಉಬ್ಬಾಗಿದ್ದರೆ ಹೊಸದೂ ಉಬ್ಬಾಗಿರಲೇಬೇಕು. ಚಪ್ಪಟೆ ಗಾಜಿನಲ್ಲಿ ಕಾಣುವ ಜಾಗ ಕಡಿಮೆ, ಪಕ್ಕಕ್ಕೆ ಬಂದ ಬೈಕ್ ಗೊತ್ತೇ ಆಗುವುದಿಲ್ಲ. ಹಿಂದೆ ಕ್ಲಿಪ್ ಇರುವ ಪ್ಲಾಸ್ಟಿಕ್ ಪ್ಲೇಟ್ ಸಮೇತ ಬರುವುದನ್ನೇ ಕೊಳ್ಳಿ. ಒಡೆದ ಗಾಜಿನ ಮೇಲೇ ಅಂಟಿಸುವ ತೆಳು ಗಾಜು ಬೇಡವೇ ಬೇಡ. ಅದು ಸರಿಯಾಗಿ ಕೂರುವುದಿಲ್ಲ, ಓಡಿಸುವಾಗ ನಡುಗುತ್ತದೆ, ಹಿಂದಿನ ಗಾಡಿ ಮಸುಕಾಗಿ ಕಾಣುತ್ತದೆ.

ಕೈಗವಸು, ಕನ್ನಡಕ ಹಾಕಿಕೊಳ್ಳಿ. ಒಡೆದ ಗಾಜಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಅಗಲ ಟೇಪ್ ಅಂಟಿಸಿ. ಹಿಂದಿನ ಗಾಡಿಯ ಬೆಳಕಿಗೆ ತಾನಾಗಿ ಮಬ್ಬಾಗುವ ಗಾಜಾದರೆ ಒಳಗಿನ ದ್ರವ ಸೋರಿರಬಹುದು, ಬರಿಗೈಯಲ್ಲಿ ಮುಟ್ಟಬೇಡಿ.

ಇನ್ನು ಹಳೇ ಗಾಜು ತೆಗೆಯುವುದು. ಇಲ್ಲಿ ಅವಸರ ಬೇಡ. ಹೊಸ ಗಾಜನ್ನು ಮಗುಚಿ ಹಿಂಬದಿ ನೋಡಿ. ಕ್ಲಿಪ್‌ಗಳು ಎಲ್ಲೆಲ್ಲಿವೆ, ಯಾವ ಕಡೆಗೆ ಬಾಯಿ ಇದೆ ಅಂತ ಅಲ್ಲೇ ಗೊತ್ತಾಗುತ್ತದೆ. ಕೆಲವದರಲ್ಲಿ ಕ್ಲಿಪ್ ಬದಲು ತಂತಿಯ ಲಾಕ್ ಇರುತ್ತದೆ. ಅದನ್ನು ಮೊದಲು ಸರಿಸದೆ ಎಳೆದರೆ ಮುರಿಯುವುದು ಗ್ಯಾರಂಟಿ. ಆಮೇಲೆ ಹಳೇ ಗಾಜಿನ ಮೇಲ್ಭಾಗವನ್ನು ಒಳಕ್ಕೆ ಒತ್ತಿ. ಕೆಳಗೆ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಹೇರ್ ಡ್ರೈಯರ್‌ನಿಂದ ಎರಡು ಮೂರು ನಿಮಿಷ ಸುತ್ತಲೂ ಬಿಸಿಗಾಳಿ ಕೊಡಿ. ತಣ್ಣಗಿನ ಪ್ಲಾಸ್ಟಿಕ್ ಬಾಗುವುದಿಲ್ಲ, ಮುರಿಯುತ್ತದೆ. ಮೀಟಲು ಸ್ಕ್ರೂಡ್ರೈವರ್ ಬದಲು ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಪ್ಲೇಟಿನ ಹಿಂದಕ್ಕೆ ಹಾಕಿ, ಗಾಜಿಗೆ ತಾಗದ ಹಾಗೆ, ಒಂದು ಕ್ಲಿಪ್ಪಿನ ಹತ್ತಿರ ಮೆಲ್ಲಗೆ ಮೀಟಿ. ಟಕ್ ಅಂದರೆ ಮುಂದಿನದಕ್ಕೆ ಹೋಗಿ. ಪ್ಲಾಸ್ಟಿಕ್ ಮೇಲೆ ಬಿಳಿ ಗೆರೆ ಮೂಡಿತೇ? ಅದು ಮುರಿಯುವ ಸೂಚನೆ. ನಿಲ್ಲಿಸಿ, ಮತ್ತೆ ಬಿಸಿ ಮಾಡಿ.

ಗಾಜು ಬಿಟ್ಟ ತಕ್ಷಣ ಎಳೆಯಬೇಡಿ. ಹೀಟರ್ ಇದ್ದರೆ ಹಿಂದೆ ಎರಡು ವೈರ್ ಇರುತ್ತವೆ. ವೈರ್ ಹಿಡಿದು ಜಗ್ಗದೆ, ತುದಿಯ ಕನೆಕ್ಟರ್ ಹಿಡಿದು ಬಿಡಿಸಿ.

ಹೊಸದನ್ನು ಹಾಕುವುದು ಸುಲಭ. ಕನೆಕ್ಟರ್ ಸಿಕ್ಕಿಸಿ, ಕ್ಲಿಪ್ಪುಗಳನ್ನು ಎದುರುಬದುರು ಹೊಂದಿಸಿ, ಮಡಿಸಿದ ಬಟ್ಟೆ ಇಟ್ಟು ಅಂಗೈಯಿಂದ ನಡುಭಾಗ ಒತ್ತಿ. ಅಂಚು ಒತ್ತಿದರೆ ಹೊಸ ಗಾಜೂ ಬಿರಿಯಬಹುದು. ಕ್ಲಿಪ್ ಹಿಡಿಯಲಿಲ್ಲ ಅಂತ ಸೂಪರ್ ಗ್ಲೂ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಮುಂದಿನ ಸಲ ಮೋಟಾರ್ ಸಮೇತ ಕಿತ್ತು ಬರುತ್ತದೆ.

ಸ್ವಿಚ್ ಒತ್ತಿ ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ. ಆಮೇಲೆ ಅಂಚು ಹಿಡಿದು ಮೆಲ್ಲಗೆ ಎಳೆಯಿರಿ. ಒಂದು ಮೂಲೆ ಅಲುಗಾಡಿದರೂ ಕ್ಲಿಪ್ ಕೂತಿಲ್ಲ ಅಂತಲೇ ಅರ್ಥ, ಅದು ಕೂರುವ ತನಕ ಕಾರು ರಸ್ತೆಗೆ ಇಳಿಸಬೇಡಿ.