ಇಮೇಜ್ ಸರಿ ಇತ್ತು, ಡ್ರೈವರ್ ಇರಲಿಲ್ಲ

ನಮ್ಮ ಕಾಲೇಜಿನ ಲ್ಯಾಬ್‌ಗೆ ಕಳೆದ ವರ್ಷ 24 ಹೊಸ ಕಂಪ್ಯೂಟರ್ ಬಂದವು. ಇಂಟೆಲ್ 12ನೇ ಜನರೇಷನ್ ಐ3, ಎನ್‌ವಿಎಂಇ ಎಸ್‌ಎಸ್‌ಡಿ. ಹಳೆಯ ಮಷಿನ್‌ಗಳಿಗೆ ಮಾಡಿಟ್ಟಿದ್ದ ವಿಂಡೋಸ್ 10 ಇಮೇಜ್, ಅಂದರೆ ಸಾಫ್ಟ್‌ವೇರ್ ಸಮೇತ ಇಡೀ ವಿಂಡೋಸ್‌ನ ಪ್ರತಿ, ಕೈಯಲ್ಲಿತ್ತು. ಕಂಪೈಲರ್, ಆಫೀಸ್, ನುಡಿ ಎಲ್ಲ ಅದರಲ್ಲೇ. ಬೇರೆ ಮಷಿನ್‌ಗೂ ಹಾಕಲು ಬರುವಂತೆ ಸಿಸ್‌ಪ್ರೆಪ್ ಕೊಟ್ಟು ಜನರಲೈಸ್ ಮಾಡಿಯೇ ತೆಗೆದಿದ್ದೆ. ಎರಡು ದಿನದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಒಂದು ವಾರ ಹಿಡಿಯಿತು.

ಮೊದಲ ಮಷಿನ್‌ಗೆ ವಿಂಡೋಸ್ ಪೆನ್‌ಡ್ರೈವ್ ಹಾಕಿ, ಶಿಫ್ಟ್ ಮತ್ತು ಎಫ್10 ಒತ್ತಿ ಕಮಾಂಡ್ ಕೊಡುವ ಕಪ್ಪು ಪರದೆ ತೆರೆದೆ. ಡಿಸ್ಕ್‌ಗಳನ್ನು ತೋರಿಸುವ ಡಿಸ್ಕ್‌ಪಾರ್ಟ್‌ನಲ್ಲಿ ಲಿಸ್ಟ್ ಡಿಸ್ಕ್ ಕೊಟ್ಟರೆ ಒಂದೇ ಸಾಲು ಬಂತು. ಅದೂ ಪೆನ್‌ಡ್ರೈವೇ. ಪಕ್ಕದಲ್ಲಿ ನಿಂತಿದ್ದ ಅಟೆಂಡರ್ ಕೇಳಿದರು: "ಮೇಡಂ, ಹೊಸ ಮಷಿನ್‌ಗೆ ಹಾರ್ಡ್ ಡಿಸ್ಕೇ ಹಾಕಿಲ್ವಾ?"

ಡಿಸ್ಕ್ ಇತ್ತು. 11ನೇ ಜನರೇಷನ್‌ನಿಂದ ಈಚೆಗೆ ಬಹಳಷ್ಟು ಮಷಿನ್‌ಗಳಲ್ಲಿ ಎಸ್‌ಎಸ್‌ಡಿ, ಡಿಸ್ಕ್‌ಗಳನ್ನು ನಿರ್ವಹಿಸುವ ಇಂಟೆಲ್‌ನ ವಿಎಂಡಿ ಕಂಟ್ರೋಲರ್ ಹಿಂದೆ ಕೂತಿರುತ್ತದೆ. ವಿಂಡೋಸ್ 10 ಸೆಟಪ್‌ನಲ್ಲಿ ಅದರ ಡ್ರೈವರ್ (ವಿಂಡೋಸ್ ಆ ಹಾರ್ಡ್‌ವೇರ್ ಬಳಸಲು ಬೇಕಾದ ಪುಟ್ಟ ಸಾಫ್ಟ್‌ವೇರ್) ಇರುವುದಿಲ್ಲ. ಮಷಿನ್‌ನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿದರೆ ಡಿಸ್ಕ್ ಕಾಣುತ್ತದೆ, ನಿಜ. ಸುಮಾರು ಜನ ಹಾಗೇ ಮಾಡ್ತಾರೆ. ನನಗೆ ಅದು ಸರಿ ಅನ್ನಿಸಲಿಲ್ಲ. ಆ ಸೆಟ್ಟಿಂಗ್ ಉಳಿಸುವ, ಲ್ಯಾಬ್ ಮಷಿನ್‌ನ ಸಿಮಾಸ್ ಬ್ಯಾಟರಿ ಒಂದಲ್ಲ ಒಂದು ದಿನ ಹೋಗುತ್ತದೆ. ಬಯೋಸ್ ಡೀಫಾಲ್ಟ್‌ಗೆ ಮರಳಿದರೆ ವಿಎಂಡಿ ಮತ್ತೆ ಆನ್ ಆಗುತ್ತದೆ, ವಿಂಡೋಸ್ ಏಳುವುದಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಹಾಗಾದರೆ ಮಕ್ಕಳ ಗತಿ ಏನು?

ಹಾಗಾಗಿ ಡ್ರೈವರ್ ಹುಡುಕಲು ಕೂತೆ. ಡೆಮೊಗೆಂದು ಒಂದು ಮಷಿನ್‌ಗೆ ಮಾತ್ರ ವಿಂಡೋಸ್ ಹಾಕಿ ಕಳಿಸಿದ್ದರು. ಅದರ ಡಿವೈಸ್ ಮ್ಯಾನೇಜರ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿದೆ: ವೆನ್ 8086, ಡೆವ್ 467ಎಫ್. 8086 ಅಂದರೆ ಇಂಟೆಲ್, 467ಎಫ್ ಅಂದರೆ ಈ ವಿಎಂಡಿ. ವಿಎಂಡಿ ಡ್ರೈವರ್ ಇರುವ, ಇಂಟೆಲ್‌ನ ರಾಪಿಡ್ ಸ್ಟೋರೇಜ್ ಇನ್‌ಸ್ಟಾಲರ್ ಇಳಿಸಿಕೊಂಡೆ. ಅದು ಇಎಕ್ಸ್‌ಇ ಫೈಲ್, ಹಾಗೇ ಇಮೇಜ್‌ಗೆ ಸೇರುವುದಿಲ್ಲ. ಎಕ್ಸ್‌ಟ್ರಾಕ್ಟ್ ಡ್ರೈವರ್ಸ್ ಅನ್ನುವ ಸ್ವಿಚ್ ಕೊಟ್ಟು ಬಿಚ್ಚಿದಾಗ ಒಳಗಿನ ಐಎನ್‌ಎಫ್, ಸಿಸ್, ಕ್ಯಾಟ್ ಫೈಲ್‌ಗಳು ಸಿಕ್ಕವು. ಡ್ರೈವರ್ ಯಾವ ಹಾರ್ಡ್‌ವೇರ್‌ಗೆ ಅಂತ ಬರೆದಿರುವ ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು 467ಎಫ್ ಅಂತ ಹುಡುಕಿದೆ. ಸಿಕ್ಕಿತು! ಈ ಒಂದು ನಿಮಿಷದ ಕೆಲಸ ಯಾರೂ ಬಿಡಬೇಡಿ. ಡ್ರೈವರ್‌ನ ಹೆಸರು ನೋಡಿ ನಂಬಬಾರದು, ಐಡಿ ನೋಡಿ ನಂಬಬೇಕು.

ಇಮೇಜ್ ತಿದ್ದುವ ಡಿಐಎಸ್‌ಎಂ ಕಮಾಂಡ್ ಬಳಸಿ, ಸೆಟಪ್ ನಡೆಸುವ ಪುಟ್ಟ ವಿಂಡೋಸ್ ಇರುವ ಪೆನ್‌ಡ್ರೈವ್‌ನ ಬೂಟ್ ವಿಮ್ ಫೈಲ್‌ಗೆ ಡ್ರೈವರ್ ಸೇರಿಸಿದೆ. ಆದರೂ ಡಿಸ್ಕ್ ಕಾಣಲಿಲ್ಲ. ಅರ್ಧ ದಿನ ಹೋಯಿತು. ಆ ಫೈಲ್‌ನಲ್ಲಿ ಎರಡು ಇಂಡೆಕ್ಸ್, ಅಂದರೆ ಎರಡು ಬೇರೆ ಬೇರೆ ಇಮೇಜ್ ಇರುತ್ತವೆ. ನಾನು ಹಾಕಿದ್ದು 1ಕ್ಕೆ ಮಾತ್ರ, ಸೆಟಪ್ ಏಳುವುದು 2ರಿಂದ. ಎರಡಕ್ಕೂ ಹಾಕಿ, ಇಮೇಜ್ ಮುಚ್ಚುವಾಗ (ಅನ್‌ಮೌಂಟ್) ಬದಲಾವಣೆ ಉಳಿಯಲೆಂದು ಕಮಿಟ್ ಕೊಟ್ಟೆ. ಡಿಸ್ಕ್ ಕಂಡಿತು. ಸರ್ವರ್‌ನಿಂದ ಇಮೇಜ್ ಎಳೆಯಬೇಕಲ್ಲ, ಆದರೆ ನೆಟ್‌ವರ್ಕ್ ವಿವರ ತೋರಿಸುವ ಐಪಿಕಾನ್ಫಿಗ್ ಖಾಲಿ ಬರುತ್ತಿತ್ತು. ಲ್ಯಾನ್ ಡ್ರೈವರ್ ಕೂಡ ಹೀಗೇ ಸೇರಿಸಿದೆ.

ಇಮೇಜ್ ಪೂರ್ತಿ ಇಳಿಯಿತು. ರೀಸ್ಟಾರ್ಟ್ ಮಾಡಿದೆ. ನೀಲಿ ಪರದೆ: ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಅಂದರೆ ವಿಂಡೋಸ್‌ಗೆ ತಾನಿರುವ ಡಿಸ್ಕೇ ಸಿಗುತ್ತಿಲ್ಲ.

ಆಗ ಹೊಳೆಯಿತು. ಡ್ರೈವರ್ ಬೇಕಾದ್ದು ಎರಡು ಕಡೆ. ಪೆನ್‌ಡ್ರೈವ್‌ನ ಪುಟ್ಟ ವಿಂಡೋಸ್‌ಗೆ ಕೊಟ್ಟದ್ದು ಅದಕ್ಕಷ್ಟೇ. ಡಿಸ್ಕ್‌ಗೆ ಇಳಿಸಿದ ವಿಂಡೋಸ್ ತನ್ನ ಕಾಲ ಮೇಲೆ ಏಳುವಾಗ ಅದರ ಒಳಗೂ ಅದೇ ಡ್ರೈವರ್ ಇರಬೇಕು. ಇಮೇಜ್ ಇಳಿಸಿದ ಮೇಲೆ, ರೀಸ್ಟಾರ್ಟ್‌ಗೆ ಮುಂಚೆ, ಸಿ ಡ್ರೈವ್ ತೋರಿಸಿ ಡಿಐಎಸ್‌ಎಂ ಆಡ್ ಡ್ರೈವರ್ ಕೊಟ್ಟೆ. ಜೊತೆಗೆ ರಿಕರ್ಸ್ ಕೊಟ್ಟರೆ ಫೋಲ್ಡರ್ ಒಳಗಿನ ಫೋಲ್ಡರ್‌ಗಳನ್ನೂ ಅದೇ ಹುಡುಕಿಕೊಳ್ಳುತ್ತದೆ. ಈ ಸಲ ಲಾಗಿನ್ ಪರದೆ ಬಂತು. ಅಟೆಂಡರ್ ಮುಖದಲ್ಲಿ ನನಗಿಂತ ಜಾಸ್ತಿ ಖುಷಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಇನ್ನೊಂದು ಹಳದಿ ಗುರುತು ಉಳಿದಿತ್ತು, ಕೋಡ್ 28, ಅಂದರೆ ಡ್ರೈವರ್ ಇಲ್ಲ. ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್ ಅಂತ ಹೆಸರು. ಅದು ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್. ಅದರ ಡ್ರೈವರನ್ನೂ ಅದೇ ಫೋಲ್ಡರ್‌ಗೆ ಹಾಕಿದೆ.

ಸಿಕ್ಕ ಡ್ರೈವರ್ ಪ್ಯಾಕ್ ಎಲ್ಲವನ್ನೂ ಮೂಲ ಇಮೇಜ್‌ಗೇ ತುಂಬುವ ಯೋಚನೆ ಒಮ್ಮೆ ಬಂದಿತ್ತು. ಬಿಟ್ಟೆ. ಇಮೇಜ್ ಸುಮ್ನೆ ದಪ್ಪ ಆಗುತ್ತದೆ, ಯಾವ ಡ್ರೈವರ್ ಎಲ್ಲಿಂದ ಬಂತು ಅಂತ ಆಮೇಲೆ ತಿಳಿಯುವುದಿಲ್ಲ. ಈಗ ಇಮೇಜ್ ಒಂದೇ, ಪಕ್ಕದಲ್ಲಿ ಮಷಿನ್ ಮಾಡೆಲ್‌ಗೊಂದು ಡ್ರೈವರ್ ಫೋಲ್ಡರ್. ಉಳಿದ 23 ಮಷಿನ್ ಒಂದೂವರೆ ದಿನದಲ್ಲಿ ಮುಗಿದವು. ವಿಎಂಡಿ ಎಲ್ಲದರಲ್ಲೂ ಆನ್ ಆಗೇ ಇದೆ.