ಮಾತಾಡುತ್ತ ಓಡಿ: ಕಾಸರಗೋಡಿನ ಹೊಸ ಓಟಗಾರರಿಗೆ

ಓಟ ಶುರುಮಾಡಿ ಎರಡೇ ವಾರಕ್ಕೆ ಬಿಡುವವರ ದೂರು ಹೆಚ್ಚಾಗಿ ಒಂದೇ: "ದಮ್ಮು ಕಟ್ಟುತ್ತದೆ, ನನ್ನಿಂದಾಗದು." ಬಹಳಷ್ಟು ಸಲ ಶ್ವಾಸಕೋಶದಲ್ಲಿ ಏನೂ ಕೊರತೆ ಇರುವುದಿಲ್ಲ, ವೇಗ ಹೆಚ್ಚಾಗಿರುತ್ತದೆ. ಉತ್ಸಾಹ ಬತ್ತುವುದಕ್ಕೂ ಅದೇ ಕಾರಣ. ದಿನಾ ಸೋತು ಸುಣ್ಣವಾಗಿ ಮನೆಗೆ ಬರುವುದಾದರೆ ಮರುದಿನ ಶೂ ಕಟ್ಟಲು ಯಾರಿಗೆ ಮನಸ್ಸು ಬರುತ್ತದೆ?

ಸರಿಯಾದ ವೇಗ ಗೊತ್ತಾಗಲು ವಾಚು ಬೇಡ. ಓಡುತ್ತಲೇ ಒಂದು ಪೂರ್ತಿ ವಾಕ್ಯ ಹೇಳಿ: "ಬದಿಯಡ್ಕದ ಬಸ್ಸು ಇವತ್ತೂ ತಡವಾಗಿ ಕುಂಬಳೆಗೆ ಬಂತು." ನಡುವೆ ಉಸಿರಿಗಾಗಿ ತಡೆಯದೆ ಹೇಳಲಾದರೆ ವೇಗ ಸರಿ. ಎರಡೆರಡು ಪದಕ್ಕೆ ಏದುಸಿರು ಬಂದರೆ ಜಾಸ್ತಿ. ಕನ್ನಡವೋ ತುಳುವೋ ಮಲಯಾಳವೋ, ಮಾತಾಡಲು ಜೊತೆಗೊಬ್ಬರು ಇದ್ದರೆ ಈ ಪರೀಕ್ಷೆ ತನ್ನಷ್ಟಕ್ಕೇ ನಡೆಯುತ್ತದೆ. ವೇಗ ಮಿತಿಮೀರಿದಾಗ ಸ್ನಾಯುಗಳಲ್ಲಿ ಆಮ್ಲ ಹೆಚ್ಚಿ, ಇಂಗಾಲದ ಡೈಆಕ್ಸೈಡ್ ಹೆಚ್ಚು ಉತ್ಪತ್ತಿಯಾಗುತ್ತದೆ. ಅದನ್ನು ಹೊರಹಾಕಲು ಮೆದುಳು ಉಸಿರನ್ನು ಜೋರುಮಾಡುತ್ತದೆ. ಯಾವ ಉಸಿರಾಟದ ಉಪಾಯವೂ ಇದನ್ನು ಮೀರುವುದಿಲ್ಲ. ನಿಧಾನ ಮಾಡುವುದೊಂದೇ ದಾರಿ.

ವಾರಕ್ಕೆ 3 ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಮೊದಲು 5 ನಿಮಿಷ ಬಿರುಸು ನಡಿಗೆ. ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸಲ. ಕೊನೆಗೆ 5 ನಿಮಿಷ ನಿಧಾನ ನಡಿಗೆ. ಎರಡು ವಾರ ಇಷ್ಟೇ. ಮುಂದಿನ ಎರಡು ವಾರ 2 ನಿಮಿಷ ಓಟಕ್ಕೆ 2 ನಿಮಿಷ ನಡಿಗೆ, 6 ಸಲ. ಅನಂತರದ ಎರಡು ವಾರ 3 ನಿಮಿಷ ಓಟಕ್ಕೆ 1 ನಿಮಿಷ ನಡಿಗೆ. ಅದು ಹಗುರವಾದರೆ 5 ನಿಮಿಷ ಓಟ, ಮತ್ತೆ 10. ಹತ್ತು ಹನ್ನೆರಡು ವಾರಕ್ಕೆ 20–25 ನಿಮಿಷ ನಿಲ್ಲದೆ ಓಡಬಹುದು. ಒಂದು ಹಂತ ಕಷ್ಟವಾದರೆ ಅದನ್ನೇ ಇನ್ನೊಂದು ವಾರ ಮಾಡಿ. ಐದನೆಯ ವಾರದ ಹೊತ್ತಿಗೆ ಉಸಿರು ಹಗುರವಾಗಿ "ಇನ್ನೂ ಓಡೋಣ" ಎನಿಸುವುದುಂಟು. ಅಪಾಯದ ಕಾಲ ಅದೇ. ಹೃದಯ, ಸ್ನಾಯುಗಳು ಬೇಗ ಹೊಂದಿಕೊಳ್ಳುತ್ತವೆ, ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಮೊಣಕಾಲಿನ ಕೆಳಗೆ ಮುಂಭಾಗದ ಎಲುಬು ನೋಯತೊಡಗುವುದು ಹೆಚ್ಚಾಗಿ ಈ ಆತುರದಿಂದಲೇ.

ಮೂಗಿನಿಂದ ಮಾತ್ರ ಉಸಿರಾಡಬೇಕೆಂಬ ನಂಬಿಕೆ ಪ್ರಾಣಾಯಾಮ ಕಲಿತವರಲ್ಲಿ ಗಟ್ಟಿಯಾಗಿದೆ. ಕುಳಿತಿರುವಾಗ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಸಾಕು, ಆಗ ಅದು ಸರಿ. ಓಡುವಾಗ ಅದರ ಹಲವು ಪಟ್ಟು ಬೇಕು, ಆಗ ದೇಹ ತಾನಾಗಿ ಬಾಯಿಯನ್ನೂ ತೆರೆಯುತ್ತದೆ. ತೆರೆಯಲಿ ಬಿಡಿ. ಗಮನ ಕೊಡಬೇಕಾದದ್ದು ಹೊರಬಿಡುವ ಉಸಿರಿಗೆ. ಸುಸ್ತಾದವರು ಗಬಗಬನೆ ಎಳೆದುಕೊಳ್ಳುತ್ತಾರೆ, ಪೂರ್ತಿ ಬಿಡುವುದಿಲ್ಲ. ಹಳೆಯ ಗಾಳಿ ಒಳಗೇ ಉಳಿದರೆ ಹೊಸದಕ್ಕೆ ಜಾಗವೆಲ್ಲಿ? ಊದಿದಂತೆ ಬಿಡಿ, ಒಳಗೆ ಬರುವುದು ತಾನಾಗಿ ಬರುತ್ತದೆ. ಹೆಗಲು ಕಿವಿಯತ್ತ ಏರಿದ್ದರೆ ಇಳಿಸಿ, ಮುಷ್ಟಿ ಸಡಿಲಿಸಿ.

ಹೊಟ್ಟೆಯಿಂದ ಉಸಿರಾಡುವುದನ್ನು ಮನೆಯಲ್ಲೇ ಕಲಿಯಬಹುದು. ಅಂಗಾತ ಮಲಗಿ ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಡಿ. ಹೊಟ್ಟೆಯ ಕೈ ಏಳಬೇಕು, ಎದೆಯದು ಹೆಚ್ಚು ಅಲುಗಬಾರದು. ದಿನಕ್ಕೆ 5 ನಿಮಿಷ.

ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ ಎಂಬ ತಾಳ ಹಲವರಿಗೆ ಹೊಂದುತ್ತದೆ. ನಿಧಾನ ಓಟದಲ್ಲಿ ಮೂರು–ಮೂರು ಆದೀತು. ನಾಲ್ಕು ಕಾಲಿನ ಪ್ರಾಣಿ ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು ತೆಗೆದುಕೊಳ್ಳಬೇಕು, ಮನುಷ್ಯನಿಗೆ ಆ ಕಟ್ಟಿಲ್ಲ ಎಂದು ಬ್ರ್ಯಾಂಬಲ್ ಮತ್ತು ಕ್ಯಾರಿಯರ್ ಎಂಬ ವಿಜ್ಞಾನಿಗಳು 1983ರಲ್ಲೇ ತೋರಿಸಿದರು. ಹಾಗಾಗಿ ಎಣಿಕೆ ತಪ್ಪಿತೆಂದು ಕಳವಳ ಬೇಡ.

ಪಕ್ಕೆ ಹಿಡಿದರೆ ನಡಿಗೆಗೆ ಇಳಿಯಿರಿ, ನೋವಿರುವಲ್ಲಿ ಬೆರಳಿನಿಂದ ಒತ್ತಿ ತುಸು ಮುಂದಕ್ಕೆ ಬಾಗಿ ನಿಧಾನವಾಗಿ ಉಸಿರು ಬಿಡಿ. ಹೊಟ್ಟೆ ತುಂಬ ಗಂಜಿ ಉಂಡು ಎರಡು ತಾಸಿನೊಳಗೆ ಓಡಿದರೆ ಇದು ಬರುವುದು ಹೆಚ್ಚು. ಸಿಹಿ ಪಾನೀಯವೂ ಅಷ್ಟೇ. ಓಟಕ್ಕೆ ಮುಂಚೆ ಸಣ್ಣದೊಂದು ಬಾಳೆಹಣ್ಣು ಸಾಕು, ಬೊಂಡ ಓಡಿಬಂದ ಮೇಲೆ.

ಕರಾವಳಿಯ ಬೆಳಗ್ಗೆ ಸೆಕೆ ಕಡಿಮೆ, ಆದರೆ ಗಾಳಿಯ ತೇವ ಆಗಲೇ ಹೆಚ್ಚು. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಎದೆಬಡಿತ ಏರುತ್ತದೆ. ಮಾರ್ಚ್‌ನಿಂದ ಮೇ ವರೆಗೆ ಅದೇ ಶ್ರಮಕ್ಕೆ ವೇಗ ಕಡಿಮೆಯಾದರೆ ನಿಮ್ಮ ತಪ್ಪಲ್ಲ, ಮಾತಿನ ಪರೀಕ್ಷೆಯನ್ನೇ ನಂಬಿ. ಗುಡ್ಡೆ–ಬೈಲುಗಳ ನಮ್ಮ ಒಳರಸ್ತೆಗಳಲ್ಲಿ ಚಡವು ಬಂದರೆ ನಡೆಯಿರಿ. ಅದು ಸೋಲಲ್ಲ. ಮೊದಲ ತಿಂಗಳಿಗೆ ಸಮತಟ್ಟು ನೆಲ ಬೇಕು: ಶಾಲೆಯ ಮೈದಾನ, ವಿದ್ಯಾನಗರದ ಮುನಿಸಿಪಲ್ ಸ್ಟೇಡಿಯಂ, ಅಥವಾ ಇಳಿತದ ಹೊತ್ತಿಗೆ ಬೇಕಲ–ಪಳ್ಳಿಕೆರೆಯ ಒದ್ದೆ ಗಟ್ಟಿ ಮರಳು. ಒಣ ಮರಳಲ್ಲಿ ಮೀನಖಂಡ ಹಿಡಿಯುತ್ತದೆ. ಕಡಲತೀರ ನೀರಿನತ್ತ ಓರೆಯಾಗಿರುವುದರಿಂದ ಹೋದ ದಾರಿಯಲ್ಲೇ ಹಿಂದೆ ಬನ್ನಿ, ಇಲ್ಲವಾದರೆ ಒಂದೇ ಕಾಲಿಗೆ ಭಾರ ಬೀಳುತ್ತದೆ. ಹೆದ್ದಾರಿ ಬೇಡವೇ ಬೇಡ.

ಇನ್ನು ಮನಸ್ಸು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಭ್ಯಾಸವೊಂದು ತಾನಾಗಿ ನಡೆಯಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254. ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಟ್ಟಿರಲಿಲ್ಲ. ಹಾಗಾಗಿ 21 ದಿನದಲ್ಲಿ ಅಭ್ಯಾಸವಾಗಿಬಿಡುತ್ತದೆ ಎಂಬ ಮಾತನ್ನು ಬಿಡಿ. ಓಟವನ್ನು ಈಗಾಗಲೇ ಇರುವ ಒಂದು ಕೆಲಸಕ್ಕೆ ಕಟ್ಟಿ: ಹಾಲು ಡಿಪೋಗೆ ಕೊಟ್ಟ ಕೂಡಲೇ, ಮಕ್ಕಳು ಬಸ್ಸು ಹತ್ತಿದ ಕೂಡಲೇ. ಬೇಸರದ ದಿನ 10 ನಿಮಿಷಕ್ಕೆಂದು ಹೊರಡಿ, ಆಮೇಲೂ ಬೇಡವೆನಿಸಿದರೆ ಹಿಂದಿರುಗಿ. ಹೆಚ್ಚಿನ ಸಲ ಹಿಂದಿರುಗುವುದಿಲ್ಲ. ಪುಸ್ತಕದಲ್ಲಿ ಕಿಲೋಮೀಟರ್ ಬರೆಯುವ ಬದಲು ನಿಮಿಷ ಮತ್ತು "ಮಾತಾಡಲಾಯಿತೇ" ಎಂಬುದನ್ನು ಬರೆದಿಡಿ. ದೀಪಾವಳಿಯಿಂದ ಪತ್ತನಾಜೆವರೆಗೆ ಬಯಲಾಟ, ಕೋಲಗಳ ಕಾಲ. ಬೆಳಗಿನವರೆಗೆ ಆಟ ನೋಡಿದ ಮರುದಿನ ಓಟ ಬೇಡ, ನಿದ್ದೆ ಮಾಡಿ.

ಓಡುವಾಗ ಎದೆ ಬಿಗಿದು ನೋವು ಬಂದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ ಡಾಕ್ಟರಲ್ಲಿಗೆ ಹೋಗಿ. ಓಟ ನಿಲ್ಲಿಸಿದ ಹತ್ತು ನಿಮಿಷದೊಳಗೆ ಸುಯ್ಯೆನ್ನುವ ಉಸಿರು, ಕೆಮ್ಮು ಮತ್ತೆ ಮತ್ತೆ ಬರುತ್ತಿದ್ದರೆ ಅದು ಓಟದಿಂದ ಕೆರಳುವ ಉಬ್ಬಸವಿರಬಹುದು. ಅದಕ್ಕೆ ಮದ್ದಿದೆ, ಅಂಥವರು ಓಟ ಬಿಡಬೇಕಾಗಿಲ್ಲ. ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು ಕೇಳಿಯೇ ಶುರುಮಾಡಬೇಕು.

ಜೂನ್‌ನಿಂದ ಮಳೆ. ಮುರಕಲ್ಲಿನ ಅಂಗಳ, ಕಾಂಕ್ರೀಟು ರಸ್ತೆಯ ಅಂಚು ಪಾಚಿ ಹಿಡಿದು ಜಾರುತ್ತವೆ. ಅಂಥ ದಿನ ಮೆಟ್ಟಿಲು ಹತ್ತಿಳಿಯುವುದು ಅಥವಾ ಜಗಲಿಯಲ್ಲಿ ನಿಂತಲ್ಲೇ ಓಟ ಸಾಕು. ಒಂದು ವಾರ ತಪ್ಪಿದರೆ ನಿಲ್ಲಿಸಿದ ಹಂತವನ್ನೇ ಮತ್ತೆ ಮಾಡಿ. ಎರಡು ಮೂರು ವಾರವಾದರೆ ಒಂದು ಹಂತ ಹಿಂದೆ. ಒಂದೂವರೆ ತಿಂಗಳು ದಾಟಿದರೆ ಮತ್ತೆ 1 ನಿಮಿಷ ಓಟ, 2 ನಿಮಿಷ ನಡಿಗೆ. ಈ ಸಲ ಮೇಲಕ್ಕೆ ಬರಲು ಮೊದಲಿನಷ್ಟು ವಾರ ಬೇಕಾಗದು.